ಬಿಚ್ಚಿ ಕಟ್ಟಿದ ಎಂಜಿನ್ನಿನ ತಡವರಿಕೆ

ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ, ವಾಲ್ವ್ ಗ್ರೈಂಡ್ ಮಾಡಿ ಕೂರಿಸಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಎಷ್ಟೋ ಬಾರಿ ಮಾಲೀಕನ ಮುಖ ಬಾಡುತ್ತದೆ. ಸ್ಲೋ ಸ್ಪೀಡು ನಿಲ್ಲುವುದಿಲ್ಲ, ಬಾನೆಟ್ಟು ಕುಲುಕುತ್ತದೆ, ಆಕ್ಸಿಲರೇಟರ್ ತುಳಿದರೆ ಕಾರ್ಬುರೇಟರಿನ ಬಾಯಿಂದ ಫಟ್ಟೆಂದು ಸೀನು ಬರುತ್ತದೆ. ಬಿಚ್ಚುವ ಮುಂಚೆ ಹೊಗೆ ಕಾರುತ್ತಿದ್ದರೂ ಹೇಗೋ ಓಡುತ್ತಿದ್ದ ಗಾಡಿ, ಸಾವಿರಾರು ರೂಪಾಯಿ ಸುರಿದ ಮೇಲೆ ಓಡಲೊಲ್ಲದು.

ಹಳೆಯ ಎಂಜಿನ್ ಕೆಡುವುದು ಸವೆತದಿಂದ, ನಿಧಾನವಾಗಿ. ಹೊಸದಾಗಿ ಕಟ್ಟಿದ ಎಂಜಿನ್ನಿನ ತೊಂದರೆ ಬಹುಮಟ್ಟಿಗೆ ಕಟ್ಟಿದ ಕೈಯದು: ಒಂದು ಹಲ್ಲು ಆಚೀಚೆ ಕೂತ ಚೈನು, ಅದಲು ಬದಲಾದ ವೈರು, ಮರೆತುಹೋದ ವಾಷರು. ಹಾಗಾಗಿ ಅದನ್ನು ಹುಡುಕುವ ದಾರಿಯೂ ಬೇರೆ. ಏನು ಸವೆದಿದೆ ಎಂದು ಕೇಳುವ ಬದಲು ಯಾವುದನ್ನು ಬಿಚ್ಚಿ ಮತ್ತೆ ಹಾಕಲಾಯಿತು ಎಂದು ಕೇಳಬೇಕು. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್, ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್, ಕಾರ್ಬುರೇಟರ್ ಕಾಲದ ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಇವತ್ತಿಗೂ ಹವ್ಯಾಸಿಗಳ ಶೆಡ್ಡುಗಳಲ್ಲಿ ಬಿಚ್ಚಿಸಿಕೊಳ್ಳುತ್ತಿವೆ. ಮೂರಕ್ಕೂ ತರ್ಕ ಒಂದೇ.

ಎಂಜಿನ್ ಓಡಲು ಬೇಕಾದದ್ದು ನಾಲ್ಕು. ಸಿಲಿಂಡರು ಗಾಳಿಯನ್ನು ಎಳೆದು ಸೋರದಂತೆ ಒತ್ತಬೇಕು, ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು, ಕಿಡಿ ತಕ್ಕ ಗಳಿಗೆಯಲ್ಲಿ ಹಾರಬೇಕು, ಪೆಟ್ರೋಲು ಗಾಳಿಯ ಜೊತೆ ಹದವಾಗಿ ಬೆರೆಯಬೇಕು. ಹುಡುಕಾಟವೂ ಇದೇ ಕ್ರಮದಲ್ಲಿ ಸಾಗುವುದು ಒಳ್ಳೆಯದು. ರೂಢಿಯಲ್ಲಿ ಆಗುವುದು ತಿರುವುಮುರುವು. ಕಾರ್ಬುರೇಟರಿನ ಸ್ಕ್ರೂಗಳು ಹೊರಗೆ, ಕೈಗೆಟುಕುವ ಹಾಗಿರುವುದರಿಂದ ಸ್ಕ್ರೂಡ್ರೈವರು ಮೊದಲು ಅಲ್ಲಿಗೇ ಹೋಗುತ್ತದೆ. ಅರ್ಧ ಗಂಟೆ ತಿರುಗಿಸಿದ ಮೇಲೆ ಮೊದಲಿದ್ದ ತೊಂದರೆಯ ಜೊತೆಗೆ ಕೆಟ್ಟ ಟ್ಯೂನಿಂಗೂ ಸೇರಿ, ಯಾವುದರಿಂದ ಯಾವುದು ಎಂಬುದೇ ತಿಳಿಯದಾಗುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದ್ದನ್ನು ಚೀಟಿಯಲ್ಲಿ ಬರೆದಿಡಬೇಕು.

ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂಬುದು ಮೊದಲು ತಿಳಿಯಬೇಕು. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ, ರಬ್ಬರ್ ಹಿಡಿಯ ಇಕ್ಕಳದಿಂದ ತೆಗೆದು ಹಾಕಿದರೆ ಗೊತ್ತಾಗುತ್ತದೆ. ಸರಿಯಾದ ಸಿಲಿಂಡರಿನ ವೈರು ತೆಗೆದಾಗ ಎಂಜಿನ್ನಿನ ಓಟ ಕುಸಿಯುತ್ತದೆ. ಯಾವುದನ್ನು ತೆಗೆದರೂ ವ್ಯತ್ಯಾಸವಾಗದೋ ಆ ಸಿಲಿಂಡರು ಸುಮ್ಮನೆ ಕೂತಿದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ವೈರನ್ನು ಗಾಳಿಯಲ್ಲಿ ತೂಗಬಿಡಬಾರದು, ಎಂಜಿನ್ ಬಾಡಿಗೆ ಅರ್ಥ್ ಮಾಡಬೇಕು. ಇಲ್ಲದಿದ್ದರೆ ಮಾಡ್ಯೂಲ್ ಸುಡುವ ಅಪಾಯವಿದೆ. ಎಲ್ಲ ಸಿಲಿಂಡರೂ ಸಮವಾಗಿ ದುಡಿಯುತ್ತಿದ್ದು ಬರೀ ಅದುರು ಮಾತ್ರ ಇದ್ದರೆ ಅದು ಮಿಸ್ಸಿಂಗ್ ಅಲ್ಲ. ಆಗ ಎಂಜಿನ್ ಮೌಂಟಿಂಗ್ ರಬ್ಬರು, ತಿರುಚಿ ಬಿಗಿದ ಬೋಲ್ಟು, ಫ್ಲೈವೀಲಿನ ಮೇಲೆ ತಪ್ಪು ಜಾಗದಲ್ಲಿ ಕೂತ ಕ್ಲಚ್ಚಿನ ಪ್ರೆಷರ್ ಪ್ಲೇಟು, ಇವನ್ನು ನೋಡಬೇಕು.

ದುಡಿಯದ ಸಿಲಿಂಡರು ಸಿಕ್ಕಿದ ಮೇಲೆ ಟ್ಯಾಪೆಟ್ ಸರದಿ. ವಾಲ್ವ್ ಗ್ರೈಂಡ್ ಮಾಡಿದಾಗ ವಾಲ್ವು ತನ್ನ ಸೀಟಿನಲ್ಲಿ ಸ್ವಲ್ಪ ಒಳಕ್ಕೆ ಇಳಿಯುತ್ತದೆ, ಅದರ ದಂಟು ಅಷ್ಟೇ ಮೇಲಕ್ಕೆ ಏಳುತ್ತದೆ. ಹೆಡ್ಡನ್ನು ಲೇತಿನವರ ಬಳಿ ಫೇಸಿಂಗ್ ಮಾಡಿಸಿದ್ದರೆ ಹೆಡ್ಡು ತೆಳುವಾಗಿ ಪುಶ್ ರಾಡು ಉದ್ದವಾದಂತಾಗುತ್ತದೆ. ಎರಡರಿಂದಲೂ ರಾಕರ್ ಮತ್ತು ವಾಲ್ವಿನ ನಡುವಿನ ಸಂದು ಕಡಿಮೆಯಾಗುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಎಂಜಿನ್ ತಣ್ಣಗಿದ್ದಾಗ ಸುಮಾರಾಗಿ ಓಡಿ ಕಾದ ಮೇಲೆ ತಡವರಿಸುವುದಕ್ಕೆ ಇದು ಬಲು ಸಾಮಾನ್ಯ ಕಾರಣ. ಟಕಟಕ ಸದ್ದು ಮಾಡುವ ಟ್ಯಾಪೆಟ್ಟನ್ನು ಎಲ್ಲರೂ ಬೈಯುತ್ತಾರೆ, ವಾಲ್ವನ್ನು ಸುಡುವುದು ಮಾತ್ರ ಸದ್ದೇ ಮಾಡದ ಟ್ಯಾಪೆಟ್ಟು.

ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಈ ಸಂದು 15 ಥೌ, ಅಂದರೆ ಸುಮಾರು 0.38 ಮಿ.ಮೀ. ನಾಲ್ಕು ಸಿಲಿಂಡರಿನ, ಎಂಟು ವಾಲ್ವಿನ ಈ ಎಂಜಿನ್ನಿನಲ್ಲಿ ಲೆಕ್ಕ ತಪ್ಪದಿರಲು ಒಂದು ಉಪಾಯವಿದೆ. ಮುಂದಿನಿಂದ ವಾಲ್ವುಗಳನ್ನು ಒಂದರಿಂದ ಎಂಟರವರೆಗೆ ಎಣಿಸಬೇಕು. ಎಂಟನೆಯದು ಪೂರ್ತಿ ತೆರೆದಿದ್ದಾಗ ಒಂದನೆಯದನ್ನು, ಆರನೆಯದು ತೆರೆದಿದ್ದಾಗ ಮೂರನೆಯದನ್ನು ಹೊಂದಿಸಬೇಕು. ತೆರೆದದ್ದು ಮತ್ತು ಹೊಂದಿಸುವುದು ಕೂಡಿದರೆ ಯಾವಾಗಲೂ ಒಂಬತ್ತು. ಈ ಉಪಾಯ ಎಲ್ಲ ಎಂಜಿನ್ನಿಗೂ ಹೊಂದುವುದಿಲ್ಲ; ಮೂರು ಸಿಲಿಂಡರಿನ ಮಾರುತಿಗಂತೂ ಅಲ್ಲವೇ ಅಲ್ಲ.

ಕಂಪ್ರೆಷನ್ ಗೇಜು ಮುಂದಿನ ಸಾಕ್ಷಿ. ಎಂಜಿನ್ ಬಿಸಿಯಿದ್ದು, ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಬೇಕು. ಆಕ್ಸಿಲರೇಟರ್ ತುಳಿಯದೆ ಅಳೆದರೆ ಒಳಗೆ ಗಾಳಿಯೇ ಹೋಗದೆ ಅಂಕಿ ಸುಳ್ಳು ಹೇಳುತ್ತದೆ. ಇಲ್ಲಿ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ರಿಂಗು ಇನ್ನೂ ಬೋರಿಗೆ ಹೊಂದಿಕೊಳ್ಳದ ಕಾರಣ ಹೊಸ ಎಂಜಿನ್ನಿನಲ್ಲಿ ಎಲ್ಲವೂ ತುಸು ಕಡಿಮೆ ತೋರಿಸಬಹುದು, ಅದರಲ್ಲಿ ಗಾಬರಿಯಿಲ್ಲ. ಒಂದು ಮಾತ್ರ ಉಳಿದವುಗಳಿಗಿಂತ ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಅಂಕಿ ಏರಿದರೆ ರಿಂಗಿನಲ್ಲಿ ಸೋರಿಕೆ, ಏರದಿದ್ದರೆ ವಾಲ್ವಿನಲ್ಲಿ. ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬೋಲ್ಟುಗಳನ್ನು ಮಧ್ಯದಿಂದ ಅಂಚಿನತ್ತ ಕ್ರಮವಾಗಿ ಬಿಗಿದಿಲ್ಲ. ಗೇಜಿಲ್ಲದ ಕಡೆ ಸೈಲೆನ್ಸರಿನ ತುದಿಗೆ ಕಾಗದದ ಚೂರು ಹಿಡಿದು ನೋಡುವ ಪದ್ಧತಿಯಿದೆ. ಹೊಗೆ ಸಮವಾಗಿ ಅದನ್ನು ತಳ್ಳುತ್ತಿರಬೇಕು. ಕಾಗದ ಆಗಾಗ ಒಳಕ್ಕೆ ಸೆಳೆದುಕೊಂಡರೆ ಎಕ್ಸಾಸ್ಟ್ ವಾಲ್ವಿನ ಮೇಲೆ ಅನುಮಾನ ಪಡಬಹುದು. ಒರಟು ಪರೀಕ್ಷೆಯಾದರೂ ಖರ್ಚಿಲ್ಲ.

ವಾಲ್ವು ಸೀಟಿನ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಎರಕದ ಹೆಡ್ಡುಗಳ ಸೀಟುಗಳು ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದವು. ಸೀಸ ಸೀಟಿನ ಮೇಲೆ ತೆಳುವಾದ ಲೇಪವಾಗಿ ಕೂತು ಅದನ್ನು ಕಾಯುತ್ತಿತ್ತು. 2000ರ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಎಂಜಿನ್ ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟು ಹಾಕಿಸದಿದ್ದರೆ ವಾಲ್ವು ಮೆಲ್ಲಗೆ ಸೀಟಿನೊಳಕ್ಕೆ ಇಳಿಯುತ್ತಾ ಟ್ಯಾಪೆಟ್ ಸಂದನ್ನು ತಿನ್ನುತ್ತದೆ.

ಕ್ಯಾಮಿನ ಟೈಮಿಂಗು ಒಂದು ಹಲ್ಲು ತಪ್ಪಿದರೆ ಮೇಲಿನ ಯಾವ ಪರೀಕ್ಷೆಯಲ್ಲೂ ಒಂದೇ ಸಿಲಿಂಡರು ಸಿಕ್ಕಿಬೀಳುವುದಿಲ್ಲ. ಎಲ್ಲವೂ ಸಮನಾಗಿ ಸೊರಗಿರುತ್ತವೆ. ಕ್ರ್ಯಾಂಕು ಎರಡು ಸುತ್ತು ತಿರುಗುವಾಗ ಕ್ಯಾಮು ಒಂದು ಸುತ್ತು. ಕ್ಯಾಮಿನ ಗೇರಿಗೆ 40 ಹಲ್ಲಿದ್ದರೆ ಒಂದು ಹಲ್ಲೆಂದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18 ಡಿಗ್ರಿ. ಅಷ್ಟು ವ್ಯತ್ಯಾಸದಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತದೆ, ಓಡುವಂತೆಯೂ ತೋರುತ್ತದೆ. ಸ್ಲೋ ಸ್ಪೀಡು ನಿಲ್ಲುವುದಿಲ್ಲ, ಪಿಕಪ್ ಇರುವುದಿಲ್ಲ ಅಷ್ಟೆ. ಚೈನು ಹಾಕುವಾಗ ಎರಡು ಗೇರುಗಳ ಗುರುತುಗಳನ್ನು ಹೊಂದಿಸಿ, ಟೆನ್ಷನರು ಬಿಗಿಯಾದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಅಲ್ಲಿಗೇ ಬಂತೇ ಎಂದು ನೋಡಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ. ಬೆಲ್ಟಿನ ಮಾರುತಿಯಲ್ಲಿ ಇದನ್ನು ಕವರು ತೆಗೆದು ನೋಡಬಹುದು. ಚೈನಿನ ಎಂಜಿನ್ನಿನಲ್ಲಿ ರೇಡಿಯೇಟರು, ಪುಲ್ಲಿ ಎಲ್ಲ ಕಳಚಬೇಕು. ಆದ್ದರಿಂದಲೇ ಇದನ್ನು ಅನುಮಾನಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ಯಂತ್ರದ ಭಾಗ ಸರಿಯಿದೆ ಎಂದಾದರೆ ಮುಂದಿನದು ಕಿಡಿ. ಕಾರ್ಬುರೇಟರಿನ ತಲೆಗೆ ಕಟ್ಟುವ ದೂರುಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ.

ಪದ್ಮಿನಿಗೂ ಅಂಬಾಸಿಡರಿಗೂ ಫೈರಿಂಗ್ ಆರ್ಡರು 1-3-4-2. ಮಾರುತಿ 800ಕ್ಕೆ 1-3-2. ಈ ಕ್ರಮದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ ವೈರು ಕೂರಬೇಕು, ಅದೂ ರೋಟರು ತಿರುಗುವ ದಿಕ್ಕಿನಲ್ಲಿ. ದಿಕ್ಕನ್ನು ಊಹಿಸದೆ, ಕ್ಯಾಪು ತೆಗೆದು ಎಂಜಿನ್ ತಿರುಗಿಸಿ ಕಣ್ಣಾರೆ ನೋಡಬೇಕು. ಎರಡು ವೈರು ಅದಲು ಬದಲಾದರೆ ಎಂಜಿನ್ ಉಳಿದ ಸಿಲಿಂಡರಿನಲ್ಲಷ್ಟೇ ಕುಂಟುತ್ತದೆ, ಕಾರ್ಬುರೇಟರಿನಿಂದಲೋ ಸೈಲೆನ್ಸರಿನಿಂದಲೋ ಪಟಾಕಿ ಸಿಡಿಯುತ್ತದೆ. ಇದಕ್ಕಿಂತ ದೊಡ್ಡ ಎಡವಟ್ಟು ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಿರುಗಿ ಕೂರುವುದು. ಒಂದನೇ ಪಿಸ್ಟನ್ ಮೇಲೆ ಬರುವುದು ಎರಡು ಸಲ: ಒಮ್ಮೆ ಗಾಳಿಯನ್ನು ಒತ್ತುತ್ತಾ, ಇನ್ನೊಮ್ಮೆ ಹೊಗೆಯನ್ನು ಹೊರದೂಡುತ್ತಾ. ಪುಲ್ಲಿಯ ಗುರುತು ಎರಡು ಸಲವೂ ಒಂದೇ ಕಡೆ ನಿಲ್ಲುತ್ತದೆ. ಗುರುತನ್ನೇ ನಂಬಿ ಹೊಗೆ ಹೊರಡುವ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಕಿಡಿ ಒಂದು ಪೂರ್ತಿ ಸುತ್ತು ತಪ್ಪಿ ಹಾರುತ್ತದೆ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಗಾಳಿ ಬೆರಳನ್ನು ತಳ್ಳಿದ ಸುತ್ತನ್ನು ಗುರುತಿಸಿಕೊಳ್ಳುವುದೇ ಇದಕ್ಕೆ ಮದ್ದು. ಅಂಬಾಸಿಡರಿನಲ್ಲಿ ಡಿಸ್ಟ್ರಿಬ್ಯೂಟರಿನ ಬುಡದ ನಾಲಿಗೆ ಮಧ್ಯದಿಂದ ಸರಿದಿರುವುದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಕೆಳಗಿನ ಗೇರ್ ಶಾಫ್ಟನ್ನೇ ತಪ್ಪಾಗಿ ಇಳಿಸಿದ್ದರೆ ಆ ಕಾವಲೂ ಕೈಕೊಡುತ್ತದೆ.

ಪಾಯಿಂಟಿನ ಗ್ಯಾಪು ಈ ಎಂಜಿನ್ನುಗಳಿಗೆ 0.4 ಮಿ.ಮೀ. ಆಸುಪಾಸು. ಗ್ಯಾಪು ಮೊದಲು, ಟೈಮಿಂಗು ಆಮೇಲೆ. ಈ ಕ್ರಮ ಬದಲಾಗಬಾರದು, ಏಕೆಂದರೆ ಗ್ಯಾಪು ಕಡಿಮೆಯಾದಷ್ಟೂ ಪಾಯಿಂಟು ತಡವಾಗಿ ತೆರೆದು ಟೈಮಿಂಗು ಹಿಂದೆ ಬೀಳುತ್ತದೆ. ಹೊಸ ಪಾಯಿಂಟಿನ ಫೈಬರ್ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರಿನಲ್ಲೇ ಬೇಗ ಸವೆಯುವುದರಿಂದ, ಇಂದು ಚೆನ್ನಾಗಿ ಓಡಿದ ಗಾಡಿ ಮುಂದಿನ ವಾರ ಮಂಕಾಗುವುದುಂಟು. ಪಾಯಿಂಟಿನ ಮುಖಗಳು ಒಂದೆರಡು ದಿನದಲ್ಲೇ ಕಪ್ಪಾಗಿ ಗುಳಿ ಬಿದ್ದರೆ ಕಂಡೆನ್ಸರನ್ನು ಬದಲಿಸಬೇಕು. ಹೊಸ ಕಂಡೆನ್ಸರು ಎಂದಾಕ್ಷಣ ಅದು ಒಳ್ಳೆಯದೇ ಎಂದು ತಿಳಿಯಬಾರದು. ತೆಗೆದಿಟ್ಟ ಹಳೆಯದನ್ನೇ ಹಾಕಿ ನೋಡುವುದು ಎಷ್ಟೋ ಸಲ ಫಲ ಕೊಡುತ್ತದೆ.

ಕಟ್ಟುವಾಗಿನ ಸಣ್ಣ ಮರೆವುಗಳು ಬೇರೆ ಇವೆ. ಪಾಯಿಂಟಿನ ಪ್ಲಾಸ್ಟಿಕ್ ವಾಷರು ತಪ್ಪು ಕಡೆ ಕೂತರೆ ಕರೆಂಟು ನೇರ ಬಾಡಿಗೆ ಇಳಿಯುತ್ತದೆ. ಎಂಜಿನ್ನಿಗೆ ಚೆಂದವಾಗಿ ಪೇಂಟು ಬಳಿದು ಅರ್ಥ್ ಪಟ್ಟಿಯನ್ನು ಆ ಪೇಂಟಿನ ಮೇಲೆಯೇ ಬಿಗಿದಿದ್ದರೆ, ಅಥವಾ ಅದನ್ನು ಹಾಕುವುದನ್ನೇ ಮರೆತಿದ್ದರೆ, ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ಲು ಬಿಸಿಯಾಗುವುದೇ ಇದರ ಗುರುತು. ವೈರಿನ ಸೋರಿಕೆಯನ್ನು ಕತ್ತಲೆಯಲ್ಲಿ ಬಾನೆಟ್ ತೆರೆದು ನೋಡಬೇಕು. ಎಲ್ಲಿ ನೀಲಿ ಕಿಡಿ ಹರಿದಾಡುತ್ತದೋ ಅಲ್ಲಿ ತಪ್ಪಿದೆ.

ಇನ್ನು ಗಾಳಿ. ಗರಾಜಿನ ಮಾತಿನಲ್ಲಿ ‘ಏರ್ ಎಳೀತಾ ಇದೆ’ ಎನ್ನುವುದು ಇದಕ್ಕೇ. ಕಾರ್ಬುರೇಟರನ್ನು ದಾಟಿದ ಮೇಲೆ ಎಲ್ಲಿಂದಾದರೂ ಗಾಳಿ ನುಸುಳಿದರೆ ಆ ಗಾಳಿಗೆ ಪೆಟ್ರೋಲಿನ ಪಾಲಿಲ್ಲ, ಮಿಶ್ರಣ ತೆಳುವಾಗುತ್ತದೆ. ಸ್ಲೋ ಸ್ಪೀಡಿನಲ್ಲಿ ಎಂಜಿನ್ ಒಳಕ್ಕೆಳೆಯುವ ಗಾಳಿಯೇ ಸ್ವಲ್ಪವಾದ್ದರಿಂದ ಸೋರಿಕೆಯ ಪಾಲು ಅಲ್ಲಿ ದೊಡ್ಡದು, ವೇಗ ಏರಿದಂತೆ ಅದು ಮರೆಯಾಗುತ್ತದೆ. ನಿಂತಾಗ ಕುಲುಕಿ ರಸ್ತೆಯಲ್ಲಿ ಚೆನ್ನಾಗಿ ಓಡುವ ಗಾಡಿಯಲ್ಲಿ ಮೊದಲು ಇದನ್ನೇ ಹುಡುಕಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟು, ಕಾರ್ಬುರೇಟರಿನ ಕೆಳಗಿನ ಶಾಖ ತಡೆಯುವ ದಪ್ಪ ಪ್ಯಾಕಿಂಗು, ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪು, ಬ್ರೇಕ್ ಬೂಸ್ಟರಿನ ಹೋಸು, ಮುಚ್ಚಲು ಮರೆತ ಸಣ್ಣ ನಳಿಗೆ, ಇವು ಸೋರುವ ಜಾಗಗಳು. ಕಾರ್ಬುರೇಟರಿನ ನಟ್ಟುಗಳನ್ನು ಸಿಟ್ಟಿನಿಂದ ಬಿಗಿದರೆ ಅದರ ಪಾದ ಬಾಗುತ್ತದೆ, ಆಮೇಲೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ಸೋರುತ್ತಲೇ ಇರುತ್ತದೆ.

ಪತ್ತೆಗೆ ಸುಲಭ ದಾರಿ ಚೋಕು. ಕಾದ ಎಂಜಿನ್ನಿನಲ್ಲಿ ಚೋಕನ್ನು ಸ್ವಲ್ಪವೇ ಎಳೆದಾಗ ಓಟ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆ ಎಂದರ್ಥ: ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಜೆಟ್ಟು ಕಟ್ಟಿದೆ. ಇನ್ನಷ್ಟು ಕೆಟ್ಟರೆ ಪೆಟ್ರೋಲು ಈಗಾಗಲೇ ಹೆಚ್ಚಿದೆ. ಅನುಮಾನದ ಸಂದಿಗೆ ಎಂಜಿನ್ ಆಯಿಲನ್ನು ಹನಿಹನಿಯಾಗಿ ಬಿಟ್ಟಾಗ ಓಟ ಬದಲಾದರೆ ಜಾಗ ಸಿಕ್ಕಿತು. ಪೆಟ್ರೋಲನ್ನೋ ಕಾರ್ಬುರೇಟರ್ ಕ್ಲೀನರನ್ನೋ ಬಿಸಿ ಎಕ್ಸಾಸ್ಟಿನ ಬಳಿ ಎರಚುವವರಿದ್ದಾರೆ. ಬೆಂಕಿ ಹತ್ತುವ ದಾರಿ ಅದು.

ವ್ಯಾಕ್ಯೂಮ್ ಗೇಜು ಇದ್ದರೆ ಇನ್ನೂ ಒಳ್ಳೆಯದು. ಸಮುದ್ರಮಟ್ಟದಲ್ಲಿ ಆರೋಗ್ಯವಾದ ಎಂಜಿನ್ ಸ್ಲೋ ಸ್ಪೀಡಿನಲ್ಲಿ ಪಾದರಸದ 17ರಿಂದ 21 ಇಂಚು ತೋರಿಸುತ್ತದೆ. ಎತ್ತರ ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಇಳಿಯುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಗಾಡಿ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ಎಂಜಿನ್ನಿನ ದೋಷವಲ್ಲ, ಘಟ್ಟದ ಮೇಲಿನ ಗಾಳಿಯೇ ತೆಳು. ಮುಳ್ಳು ಅಲುಗದೆ ಕೆಳಗಿದ್ದರೆ ಗಾಳಿಯ ಸೋರಿಕೆ ಅಥವಾ ಹಿಂದೆ ಬಿದ್ದ ಟೈಮಿಂಗು. ತಾಳ ಹಾಕಿದಂತೆ ಒಂದೇ ಅಂತರದಲ್ಲಿ ಕೆಳಕ್ಕೆ ಕುಣಿದರೆ ಯಾವುದೋ ಒಂದು ವಾಲ್ವು ಮುಚ್ಚುತ್ತಿಲ್ಲ.

ಇಷ್ಟು ಆದ ಮೇಲೆ ಕಾರ್ಬುರೇಟರು. ಎಂಜಿನ್ ಬೋರ್ ಆಗಿ ಬರುವವರೆಗೆ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುವಾಗ ಒಳಗಿನ ಪೆಟ್ರೋಲು ಆರಿ ಅಂಟಾಗುತ್ತದೆ. ಮೊದಲು ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ಸಣ್ಣ ತೂತಿನ ಸ್ಲೋ ಜೆಟ್ಟು. ಅದನ್ನು ತಂತಿಯಿಂದ ಚುಚ್ಚಿ ತೆಗೆಯುವ ಅಭ್ಯಾಸ ಗರಾಜುಗಳಲ್ಲಿ ಇನ್ನೂ ಹೋಗಿಲ್ಲ. ಹಿತ್ತಾಳೆ ಮೆತ್ತನೆಯ ಲೋಹ. ತಂತಿ ಒಂದು ಕೂದಲಿನಷ್ಟು ತೂತನ್ನು ಅಗಲ ಮಾಡಿದರೂ ಆ ಜೆಟ್ಟು ಇನ್ನು ಆ ಅಳತೆಯದಲ್ಲ. ಥಿನ್ನರಿನಲ್ಲಿ ನೆನೆಸಿ ಕಂಪ್ರೆಸರಿನ ಗಾಳಿಯಲ್ಲಿ ಊದುವುದೇ ಸರಿ.

ಫ್ಲೋಟಿನ ಮಟ್ಟ ಹೆಚ್ಚಿದ್ದರೆ ಅಥವಾ ನೀಡಲ್ ವಾಲ್ವು ಹಿಡಿಯದಿದ್ದರೆ ಪೆಟ್ರೋಲು ಉಕ್ಕಿ ಪ್ಲಗ್ಗುಗಳು ಒಣ ಮಸಿಯಿಂದ ಕಪ್ಪಾಗುತ್ತವೆ. ತೆಳು ಮಿಶ್ರಣದಲ್ಲಿ ಪ್ಲಗ್ಗು ಸುಣ್ಣದಂತೆ ಬೆಳ್ಳಗಾಗುತ್ತದೆ. ಎಣ್ಣೆಯಿಂದ ಒದ್ದೆಯಾಗಿ ಹೊಳೆದರೆ ತಪ್ಪು ರಿಂಗಿನದೋ ವಾಲ್ವ್ ಸೀಲಿನದೋ. ಹದವಾಗಿದ್ದರೆ ತಿಳಿ ಕಂದು. ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಬುಡದ ಪ್ಯಾಕಿಂಗೂ ಅಳತೆಯದೇ ಇರಬೇಕು. ಅದು ತೆಳುವಾದರೆ ಪಂಪು ಹೆಚ್ಚು ಒತ್ತಿ ಫ್ಲೋಟನ್ನು ಸೋಲಿಸುತ್ತದೆ, ದಪ್ಪವಾದರೆ ಏರಿನಲ್ಲಿ ಪೆಟ್ರೋಲು ಸಾಲುವುದಿಲ್ಲ. ತುಳಿದ ಕ್ಷಣ ಮಾತ್ರ ಎಂಜಿನ್ ಮುಗ್ಗರಿಸಿದರೆ ಆಕ್ಸಿಲರೇಟರ್ ಪಂಪನ್ನು ನೋಡಬೇಕು: ಎಂಜಿನ್ ನಿಲ್ಲಿಸಿ ಥ್ರಾಟಲ್ ಎಳೆದಾಗ ಕಾರ್ಬುರೇಟರಿನ ಗಂಟಲಲ್ಲಿ ಪೆಟ್ರೋಲಿನ ಸಣ್ಣ ಎಳೆ ಚಿಮ್ಮಬೇಕು.

ಸೋಲೆಕ್ಸ್ ಮಾದರಿಯ ಕಾರ್ಬುರೇಟರಿನಲ್ಲಿ ಮಿಕ್ಸ್‌ಚರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತಂದು ಆರಂಭಿಸಬಹುದು. ಕಾದ ಎಂಜಿನ್ನಿನಲ್ಲಿ ಓಟ ಅತಿ ಹೆಚ್ಚು, ಅತಿ ನಯ ಇರುವ ಜಾಗ ಹುಡುಕಿ, ಆಮೇಲೆ ಥ್ರಾಟಲ್ ಸ್ಕ್ರೂವಿನಿಂದ ವೇಗ ಇಳಿಸಬೇಕು. ಮಿಕ್ಸ್‌ಚರ್ ಸ್ಕ್ರೂವನ್ನು ಪೂರ್ತಿ ಮುಚ್ಚಿದರೂ ಎಂಜಿನ್ ಏನೂ ಆಗದಂತೆ ಓಡುತ್ತಿದ್ದರೆ ಅದೇ ದೊಡ್ಡ ಸುಳಿವು. ಎಂಜಿನ್ನಿಗೆ ಪೆಟ್ರೋಲು ಸ್ಲೋ ದಾರಿಯಿಂದ ಬರುತ್ತಿಲ್ಲ. ಥ್ರಾಟಲ್ ಅಗತ್ಯಕ್ಕಿಂತ ಹೆಚ್ಚು ತೆರೆದು ಬೇರೆ ತೂತುಗಳಿಂದ ಎಳೆಯುತ್ತಿದೆ, ಇಲ್ಲವೇ ಫ್ಲೋಟು ಉಕ್ಕುತ್ತಿದೆ. ಥ್ರಾಟಲನ್ನು ಅಷ್ಟು ತೆರೆಯಬೇಕಾಗಿ ಬಂದದ್ದು ಏಕೆ ಎಂದು ಕೇಳಿದರೆ ಉತ್ತರ ಬಹಳ ಸಲ ಮತ್ತೆ ಟೈಮಿಂಗಿಗೋ ವಾಲ್ವಿಗೋ ಹೋಗಿ ನಿಲ್ಲುತ್ತದೆ.

ಈಚೆಗೆ ಪೆಟ್ರೋಲೇ ಒಂದು ಕಾರಣವಾಗಿ ಸೇರಿಕೊಂಡಿದೆ. ಶೇ. 20 ಎಥನಾಲ್ ಬೆರೆತ ಇ20 ಇಂಧನವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಬಿಡುಗಡೆ ಮಾಡಲಾಯಿತು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು, ಇ20ಕ್ಕೆ ಸುಮಾರು 13.5. ಹೊಸ ಕಾರಿನ ಕಂಪ್ಯೂಟರು ಇದನ್ನು ಅರಿತು ಇಂಧನ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿಬಿಡುತ್ತದೆ. ಎಥನಾಲು ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಜೆಟ್ಟಿಗೆ ತಂದು ಹಾಕುತ್ತದೆ, ಹಳೆಯ ರಬ್ಬರ್ ಪೈಪನ್ನು ಕೊರೆಯುತ್ತದೆ. ಹೀಗಾಗಿ ಎಂಜಿನ್ ಕಟ್ಟುವಾಗ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಬದಲಿಸಿ, ಪಾರದರ್ಶಕ ಫಿಲ್ಟರು ಒಂದನ್ನು ಸೇರಿಸುವುದು ಖರ್ಚಿಗೆ ತಕ್ಕ ಕೆಲಸ.

ಎಷ್ಟು ಹೊತ್ತು ಟ್ಯೂನ್ ಮಾಡಬೇಕು ಎಂಬುದಕ್ಕೂ ಮಿತಿಯಿದೆ. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವುದು ಎಂಜಿನ್ನಿನ ಮೇಲೆ ಭಾರ ಬಿದ್ದಾಗ. ಗರಾಜಿನಲ್ಲಿ ಗಂಟೆಗಟ್ಟಲೆ ಸ್ಲೋ ಸ್ಪೀಡಿನಲ್ಲಿ ಓಡಿಸುತ್ತಾ ಸ್ಕ್ರೂ ತಿರುಗಿಸಿದರೆ ಬೋರಿನ ಗೋಡೆ ಗಾಜಿನಂತೆ ನುಣುಪಾಗಿ, ರಿಂಗು ಮುಂದೆಂದೂ ಸರಿಯಾಗಿ ಹಿಡಿಯದೆ ಹೋಗಬಹುದು. ಎಂಜಿನ್ ಇನ್ನೂ ಬಿಗಿಯಾಗಿರುವುದರಿಂದ ಸ್ಲೋ ಸ್ಪೀಡನ್ನು ನಿಮಿಷಕ್ಕೆ 900 ಸುತ್ತಿನ ಹತ್ತಿರ, ತುಸು ಮೇಲೆಯೇ ಇಟ್ಟು ಗಾಡಿಯನ್ನು ರಸ್ತೆಗೆ ತೆಗೆಯಬೇಕು. ಒಂದೇ ವೇಗದಲ್ಲಿ ಓಡಿಸದೆ, ಟಾಪ್ ಗೇರಿನಲ್ಲಿ ಎಳೆಸದೆ, ಏರಿಳಿತ ಕೊಡುತ್ತಾ ರನ್ನಿಂಗ್ ಇನ್ ಮಾಡಬೇಕು. 500 ಕಿಲೋಮೀಟರಿನ ಹೊತ್ತಿಗೆ ಲೋಹದ ಪುಡಿ ಹೊತ್ತ ಆಯಿಲನ್ನು ಇಳಿಸಿ, ಗ್ಯಾಸ್ಕೆಟ್ಟಿನ ಮಾದರಿ ಬೇಡುವುದಾದರೆ ಹೆಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕು. ಹಾಗೆ ಬಿಗಿದಾಗ ಹೆಡ್ಡು ಇಳಿದು ಟ್ಯಾಪೆಟ್ ಸಂದು ಬದಲಾಗಿರುತ್ತದೆ. ಆದ್ದರಿಂದ ಟ್ಯಾಪೆಟ್ಟು, ಅದರ ಹಿಂದೆ ಪಾಯಿಂಟು, ಟೈಮಿಂಗು, ಎಲ್ಲ ಮುಗಿದ ಮೇಲೆ ಕಾರ್ಬುರೇಟರಿನ ಎರಡು ಸ್ಕ್ರೂ, ಇದೇ ಕ್ರಮದಲ್ಲಿ ಇನ್ನೊಂದು ಸಲ.